ಕೋಯ್ ಮೀನಿನ ಕಾಯಿಲೆಗಳು: ಕಳಮಶ್ಶೇರಿಯ ಮನೆತೊಟ್ಟಿಗಳಲ್ಲಿ ಪತ್ತೆ ಮತ್ತು ಉಪಚಾರ

ಕೋಯ್ ಸಾಮಾನ್ಯ ಗೆಂಡೆ ಮೀನಿನ ಬಣ್ಣದ ತಳಿ. ಜಪಾನಿನ ನೀಗಾಟ ಪ್ರಾಂತದ ಬೆಟ್ಟದ ಹಳ್ಳಿಗಳಲ್ಲಿ ಊಟಕ್ಕೆಂದು ಸಾಕುತ್ತಿದ್ದ ಗೆಂಡೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಬಣ್ಣದ ಮರಿಗಳು ಹುಟ್ಟುತ್ತಿದ್ದವು. 19ನೆಯ ಶತಮಾನದಲ್ಲಿ ಅಲ್ಲಿನ ರೈತರು ಅವನ್ನು ಆರಿಸಿ ಬೆಳೆಸಿದರು. 1914ರ ಟೋಕಿಯೊ ವಸ್ತುಪ್ರದರ್ಶನದ ಬಳಿಕ ಈ ಮೀನು ಹೊರಗಿನವರಿಗೂ ಪರಿಚಯವಾಯಿತು. ಅದರ ಬಣ್ಣಗೆಟ್ಟ ಬಂಧು, ಆಹಾರದ ಸಾಮಾನ್ಯ ಗೆಂಡೆ, 1939ರಲ್ಲಿ ಶ್ರೀಲಂಕಾದಿಂದ ಊಟಿಗೆ ಬಂದಿತ್ತು. ಕೇರಳದ ಅಂಗಡಿಗಳಲ್ಲಿ ಇಂದು ಸಿಗುವುದು ಬಹುಮಟ್ಟಿಗೆ ದೇಶದಲ್ಲೇ ಮರಿಮಾಡಿಸಿದ ಕೋಯ್. ಅಂಗೈಯಗಲದ ಗಾಜಿನ ತೊಟ್ಟಿಯಲ್ಲಿ ಬೆರಳುದ್ದದ ಮರಿ ಚೆಂದ ಕಾಣುತ್ತದೆ. ಅದೇ ಮೀನು ಸರಿಯಾಗಿ ಬೆಳೆದರೆ ಎರಡು ಅಡಿ ಮುಟ್ಟುತ್ತದೆ. ಮನೆಯ ಕೋಯ್ ಕಾಯಿಲೆ ಬೀಳುವ ಕಥೆ ಶುರುವಾಗುವುದೇ ಈ ಲೆಕ್ಕ ತಪ್ಪುವುದರಿಂದ.

ಕಳಮಶ್ಶೇರಿ ಕೊಚ್ಚಿಗೆ ಅಂಟಿಕೊಂಡ, ಎರ್ನಾಕುಳಂ ಜಿಲ್ಲೆಯ ನಗರ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ, ಅಂದರೆ ಕುಸಾಟ್‌ನ, ಮುಖ್ಯ ಆವರಣ ಇಲ್ಲಿದೆ. ಮಗ್ಗುಲಲ್ಲೇ ಏಲೂರಿನ ಕೈಗಾರಿಕಾ ಪ್ರದೇಶ, ಅದರ ಬದಿಯಲ್ಲಿ ಪೆರಿಯಾರ್ ಹೊಳೆ. ನೆಲ ಜಂಬಿಟ್ಟಿಗೆಯದು, ಕಾಸರಗೋಡು, ಮಂಗಳೂರಿನವರಿಗೆ ಹೊಸತಲ್ಲದ ಕೆಂಪು ಮುರಕಲ್ಲು. ಮನೆಮನೆಗೂ ಬಾವಿ ಇದೆ. ಇಂಥ ನೆಲದ ಬಾವಿನೀರು ಸಾಮಾನ್ಯವಾಗಿ ಹುಳಿ, ಪಿಎಚ್ 6ರ ಆಸುಪಾಸು, ಕೆಲವೊಮ್ಮೆ ಇನ್ನೂ ಕೆಳಗೆ. ಸುಣ್ಣದ ಅಂಶವೂ ಕಡಿಮೆ. ಕುಡಿಯುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಕೋಯ್ ಸಾಕುವವರಿಗೆ ಇದೆ. ಆದ್ದರಿಂದ ಇಲ್ಲಿ ಮೀನು ಮಂಕಾದಾಗ ಮೊದಲ ಶಂಕೆ ನೀರಿನ ಮೇಲೆ ಬೀಳಬೇಕು, ರೋಗಾಣುವಿನ ಮೇಲಲ್ಲ.

ನೀರಿನ ಪರೀಕ್ಷೆ

ಕೋಯ್ ಹೊಟ್ಟೆಬಾಕ. ತಿಂದ ಪ್ರೋಟೀನಿನ ಸಾರಜನಕವನ್ನು ಮುಖ್ಯವಾಗಿ ಕಿವಿರಿನ ಮೂಲಕ ಅಮೋನಿಯವಾಗಿ ಹೊರಹಾಕುತ್ತದೆ. ಫಿಲ್ಟರಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಈ ಕೆಲಸಕ್ಕೆ ಅವಕ್ಕೆ ಕ್ಷಾರ ಬೇಕು: 1 ಮಿ.ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಮಿ.ಗ್ರಾಂ ಸುಣ್ಣದ ಕಾರ್ಬೊನೇಟಿನಷ್ಟು. ಜಂಬಿಟ್ಟಿಗೆಯ ಬಾವಿನೀರಿನಲ್ಲಿ ಅಷ್ಟು ಕ್ಷಾರ ಎಲ್ಲಿಂದ ಬರಬೇಕು? ಕೆಲವು ವಾರಗಳಲ್ಲಿ ಇದ್ದದ್ದು ಮುಗಿದು ಪಿಎಚ್ ಕುಸಿಯುತ್ತದೆ, 6ರ ಸುತ್ತ ಬ್ಯಾಕ್ಟೀರಿಯಗಳು ಕೆಲಸ ನಿಲ್ಲಿಸುತ್ತವೆ, ಅಮೋನಿಯ ಕೂಡಿಕೊಳ್ಳುತ್ತ ಹೋಗುತ್ತದೆ.

ಆದರೂ ಮೀನು ಸಾಯುವುದಿಲ್ಲ. ಮೋಸ ಇರುವುದೇ ಇಲ್ಲಿ. ಹುಳಿ ನೀರಿನಲ್ಲಿ ಅಮೋನಿಯ ಬಹುಪಾಲು ಅಮೋನಿಯಂ ಅಯಾನಿನ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಶೇಕಡ 6ರಿಂದ 7, ಪಿಎಚ್ 9ಕ್ಕೆ ಸುಮಾರು 40. ಮೀನು ಮಂಕಾಗಿದೆಯೆಂದು ಮನೆಯವರು ಗಾಬರಿಯಾಗಿ ಮುಕ್ಕಾಲು ತೊಟ್ಟಿ ಖಾಲಿ ಮಾಡಿ ನಲ್ಲಿನೀರು ತುಂಬುತ್ತಾರೆ, ಇಲ್ಲವೇ ಒಂದು ಹಿಡಿ ಸುಣ್ಣ ಎರಚುತ್ತಾರೆ. ಪಿಎಚ್ ಒಮ್ಮೆಲೆ ಏರಿ, ಉಳಿದ ನೀರಿನಲ್ಲಿದ್ದ ನಿರುಪದ್ರವಿ ಅಮೋನಿಯ ಗಂಟೆಯೊಳಗೆ ವಿಷವಾಗುತ್ತದೆ. ಬೆಳಗಾಗುವುದರೊಳಗೆ ಮೀನು ಸತ್ತಿರುತ್ತದೆ, ಬೈಗುಳ ಮಾತ್ರ ನಲ್ಲಿನೀರಿನ ಕ್ಲೋರಿನ್‌ಗೆ. ಇಂಥ ತೊಟ್ಟಿಯನ್ನು ನಿಧಾನವಾಗಿ ಸರಿಪಡಿಸಬೇಕು: ದಿನಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ, ಊಟ ನಿಲ್ಲಿಸಿ, ಅಮೋನಿಯ ಇಳಿದ ಮೇಲೆ ಫಿಲ್ಟರಿನಲ್ಲಿ ಒಂದು ಚೀಲ ತೊಳೆದ ಚಿಪ್ಪು ಇಡಬೇಕು. ವೇಂಬನಾಡು ಹಿನ್ನೀರಿನ ಕಪ್ಪೆಚಿಪ್ಪು ಇಲ್ಲಿ ಅಗ್ಗ. ನೀರು ಹುಳಿಯಾದಾಗಷ್ಟೇ ಕರಗುವುದರಿಂದ ಅತಿಯಾಗುವ ಭಯ ಕಡಿಮೆ.

ಕ್ಲೋರಿನ್ ತೀರ ನಿರಪರಾಧಿಯೂ ಅಲ್ಲ. ಪೆರಿಯಾರಿನಿಂದ ಬರುವ ಕೊಳಾಯಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನು ಗಾಳಿಯಾಡಿಸಿ ಒಂದು ದಿನ ಇಟ್ಟರೂ ಸಾಕು, 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿದರೂ ಸಾಕು. ಬಾವಿಯ ಬ್ಲೀಚಿಂಗ್ ಪುಡಿಯ ವಿಷಯ ಬೇರೆ. ಮಳೆಗಾಲದ ಆಚೀಚೆ ಕೇರಳದಲ್ಲಿ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ವಾಡಿಕೆ; 2018ರ ಆಗಸ್ಟಿನ ನೆರೆಯ ನಂತರ ಅದು ದೊಡ್ಡ ಪ್ರಮಾಣದಲ್ಲೇ ನಡೆಯಿತು. ಆರೋಗ್ಯ ಕಾರ್ಯಕರ್ತರು ಬಂದುಹೋದ ಮರುದಿನ ಅದೇ ಬಾವಿಯಿಂದ ಪಂಪು ಹಾಕಿ ತೊಟ್ಟಿ ತುಂಬಿದರೆ ಮೀನಿನ ಕಿವಿರು ಬೆಂದಂತಾಗುತ್ತದೆ. ಕಾಯಿಲೆಯ ಚರಿತ್ರೆ ಕೇಳುವವರು ಬಾವಿಯ ವಿಷಯವನ್ನೂ ಕೇಳಲೇಬೇಕು.

ನೈಟ್ರೈಟ್ ಏರಿದರೆ ಕಿವಿರು ಕಂದಾಗುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ನೀರಿನಲ್ಲಿ ಕ್ಲೋರೈಡ್ ಕಡಿಮೆಯಿದ್ದಷ್ಟೂ ಈ ವಿಷ ಜೋರು. ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿದರೆ ಕಿವಿರು ನೈಟ್ರೈಟ್ ಹೀರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಬೆಳಗಿನ ಜಾವ ಮಾತ್ರ ಏದುಸಿರು ಬಿಟ್ಟು ಹಗಲಿಗೆ ಸರಿಹೋಗುವ ಮೀನಿಗೆ ಆಮ್ಲಜನಕದ ಕೊರತೆ. 30 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿ.ಗ್ರಾಂ ಆಮ್ಲಜನಕ ಹಿಡಿದೀತು. ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಗಾಳಿಪಂಪು ನಿಂತರೆ ಆಪತ್ತು. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಸುಣ್ಣ ಬಿಟ್ಟುಕೊಂಡು ಪಿಎಚ್ 9 ದಾಟುವುದುಂಟು. ಬಾಳೆದಿಂಡಿನ ತುಂಡು ಹಾಕಿ ನೆನೆಸಿ, ನೀರು ಚೆಲ್ಲಿ, ಮತ್ತೆ ತುಂಬುವ ಊರಿನ ಪದ್ಧತಿ ಸರಿಯಾದದ್ದೇ; ಮೀನು ಬಿಡುವ ಮೊದಲು ಪಿಎಚ್ ಅಳೆದರೆ ಇನ್ನೂ ಒಳ್ಳೆಯದು.

2024ರ ಮೇ ತಿಂಗಳಲ್ಲಿ ಏಲೂರಿನ ಕೆಳಗಿನ ಪೆರಿಯಾರಿನಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು, ಪಂಜರ ಕೃಷಿಕರು ನಷ್ಟಕ್ಕೆ ಬಿದ್ದರು. ಆಗ ವಿವಾದ ಎದ್ದದ್ದೂ ಆಮ್ಲಜನಕದ ಕೊರತೆಯೋ ನೀರಿನ ವಿಷವೋ ಎಂಬ ಇದೇ ಎರಡರ ನಡುವೆ: ಪಾತಾಳಂ ಅಣೆಯ ಬಾಗಿಲು ತೆರೆದಾಗ ಆಮ್ಲಜನಕ ಕುಸಿಯಿತೆಂದು ಮಾಲಿನ್ಯ ನಿಯಂತ್ರಣ ಮಂಡಳಿ, ಅಮೋನಿಯ ಮತ್ತು ಸಲ್ಫೈಡ್ ಅಪಾಯದ ಮಟ್ಟದಲ್ಲಿದ್ದವೆಂದು ಕೇರಳ ಮೀನುಗಾರಿಕೆ ವಿಶ್ವವಿದ್ಯಾಲಯದ ತಜ್ಞರು. ಹೊಳೆಯಲ್ಲೇ ಬೇರ್ಪಡಿಸಲು ಕಷ್ಟವಾದದ್ದನ್ನು ಮನೆಯ ತೊಟ್ಟಿಯಲ್ಲಿ ಕೆಲವು ನೂರು ರೂಪಾಯಿಯ ಪರೀಕ್ಷಾ ಕಿಟ್ಟು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತದೆ. ಔಷಧದ ಸೀಸೆಗೆ ಮೊದಲು ಕೊಳ್ಳಬೇಕಾದ್ದು ಅದು.

ಮೈಯ ಪರೀಕ್ಷೆ

ನೀರು ಸರಿಯಿದ್ದೂ ಮೀನು ಸರಿಯಿಲ್ಲದಿದ್ದರೆ ಅದನ್ನು ಕೈಗೆತ್ತಿಕೊಂಡು ನೋಡಬೇಕು. ದೂರದಿಂದ ಕಾಣುವ ಲಕ್ಷಣಗಳು ಹಲವು ರೋಗಗಳಿಗೆ ಒಂದೇ: ರೆಕ್ಕೆ ಮಡಚುವುದು, ತಳದ ಕಲ್ಲಿಗೆ ಮೈ ಉಜ್ಜುವುದು, ಮೂಲೆ ಹಿಡಿಯುವುದು, ತೆಳ್ಳಗಿನ ಬಿಳಿ ಪೊರೆಯಂತೆ ಲೋಳೆ ಹೆಚ್ಚುವುದು. ದೊಡ್ಡ ಮೀನನ್ನು ಒದ್ದಾಡಿಸದೆ ನೋಡಲು ಲವಂಗದೆಣ್ಣೆಯ ಮಂಪರು ಬಳಕೆಯಲ್ಲಿದೆ. ತೊಟ್ಟಿಯದೇ ನೀರು 20 ಲೀಟರಿಗೆ 1 ಮಿ.ಲೀ. ಎಣ್ಣೆ; ಮೊದಲು ಸೀಸೆಯಲ್ಲಿ ಸ್ವಲ್ಪ ಬೆಚ್ಚಗಿನ ನೀರಿನ ಜೊತೆ ಹಾಲಿನ ಬಣ್ಣ ಬರುವ ತನಕ ಕುಲುಕಬೇಕು, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಮೀನು ಮಗ್ಗುಲಾದೊಡನೆ ಒದ್ದೆ ಬಟ್ಟೆಯ ಮೇಲೆ ತೆಗೆದು, ತಲೆಯ ಹಿಂದಿನಿಂದ ಬಾಲದ ಕಡೆಗೆ ಗಾಜಿನ ಪಟ್ಟಿಯ ಅಂಚಿನಿಂದ ಹಗುರವಾಗಿ ಎಳೆದರೆ ಒಂದು ಹನಿ ಲೋಳೆ ಸಿಗುತ್ತದೆ. ಅದಕ್ಕೆ ತೊಟ್ಟಿಯ ನೀರು ಒಂದು ತೊಟ್ಟು ಸೇರಿಸಿ, ಮೇಲೊಂದು ತೆಳುಗಾಜು ಮುಚ್ಚಿ, ಒಣಗುವ ಮೊದಲೇ ಸೂಕ್ಷ್ಮದರ್ಶಕದ ಕೆಳಗಿಡಬೇಕು.

ಅಲ್ಲಿ ಕಾಣುವುದು ಊಹೆಗೆ ಎಡೆಯಿಲ್ಲದಂತೆ ಕಾಣುತ್ತದೆ. 100 ಪಟ್ಟು ಹಿಗ್ಗಿಸಿದಾಗ ಹಲ್ಲಿನ ಚಕ್ರದಂತೆ ಗಿರ್ರನೆ ಸುತ್ತುವುದು ಟ್ರೈಕೊಡೈನ. ಕೊಕ್ಕೆಯಿಂದ ಕಚ್ಚಿಕೊಂಡು ಜಿಗಣೆಯಂತೆ ಉದ್ದ-ಗಿಡ್ಡ ಆಗುವುದು ಚಪ್ಪಟೆಹುಳ. ಹೊಟ್ಟೆಯೊಳಗೆ ಮರಿಯ ಕೊಕ್ಕೆಗಳೂ ಕಂಡರೆ ಅದು ಚರ್ಮದ ಗೈರೊಡ್ಯಾಕ್ಟೈಲಸ್, ನಾಲ್ಕು ಕಪ್ಪು ಕಣ್ಣುಚುಕ್ಕೆ ಇದ್ದರೆ ಕಿವಿರಿನ ಡ್ಯಾಕ್ಟೈಲೊಗೈರಸ್. ಕುದುರೆಲಾಳದ ಆಕಾರದ ಬೀಜಕೇಂದ್ರ ಹೊತ್ತು ನಿಧಾನವಾಗಿ ಹೊರಳುವ ದೊಡ್ಡ ಕಂದು ಉಂಡೆ ಬಿಳಿಚುಕ್ಕೆ ರೋಗದ ಇಕ್ತಿಯೊಫ್ತಿರಿಯಸ್. ಆರ್ಗುಲಸ್ ಎಂಬ ಮೀನುಹೇನಿಗೆ ಮತ್ತು ಲೆರ್ನಿಯ ಎಂಬ ಲಂಗರುಹುಳಕ್ಕೆ ಬರಿಗಣ್ಣೇ ಸಾಕು. ಹೇನು ಹುರುಪೆಯ ಬಣ್ಣದ್ದೇ ಆದ ಪುಟ್ಟ ಬಿಲ್ಲೆ, ಮುಟ್ಟಿದರೆ ಓಡುತ್ತದೆ.

ಬಿಳಿಚುಕ್ಕೆಯ ಪರಾವಲಂಬಿ ಚರ್ಮದ ಒಳಗಿರುವಾಗ ಯಾವ ಮದ್ದೂ ತಾಗದು. ಉದುರಿ, ಒಡೆದು, ನೂರಾರು ಮರಿಗಳಾಗಿ ಈಜುವಾಗಷ್ಟೇ ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನಕ್ಕೆ ಚಿಕಿತ್ಸೆ ನಿಲ್ಲಿಸುವವರ ತೊಟ್ಟಿಗೆ ಅದು ಮುಂದಿನ ವಾರ ದುಪ್ಪಟ್ಟಾಗಿ ಮರಳುವುದು ಇದೇ ಕಾರಣಕ್ಕೆ. ಕೊಚ್ಚಿಯಲ್ಲಿ ಇದರ ಕಾಟ ಹೆಚ್ಚಾಗಿ ನೀರು ತಣ್ಣಗಾಗುವ ಮಳೆಗಾಲದಲ್ಲಿ. 30 ಡಿಗ್ರಿ ದಾಟಿದ ಬೇಸಗೆಯ ನೀರು ಅದಕ್ಕೆ ಒಗ್ಗದು.

ಉಪ್ಪು ಮತ್ತು ಮದ್ದು

ಏಕಕೋಶದ ಪರಾವಲಂಬಿಗಳಿಗೆ ಮೊದಲ ಮದ್ದು ಅಯೋಡಿನ್ ಇಲ್ಲದ ಕಲ್ಲುಪ್ಪು, ಲೀಟರಿಗೆ 3 ಗ್ರಾಂ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 255 ಲೀಟರ್ ಹಿಡಿಯುತ್ತದೆ. ಮುಕ್ಕಾಲು ಕಿಲೋ ಉಪ್ಪನ್ನು ಒಂದು ದಿನದಲ್ಲಿ ಮೂರು ಕಂತಾಗಿ ಕರಗಿಸಿ ಹಾಕಬೇಕು. ಉಪ್ಪು ಆವಿಯಾಗುವುದಿಲ್ಲ. ಆರಿಹೋದ ನೀರಿಗೆ ಬರೀ ನೀರು ಸೇರಿಸಬೇಕು, ಬದಲಿಸಿದ ನೀರಿನಷ್ಟಕ್ಕೆ ಮಾತ್ರ ಮತ್ತೆ ಉಪ್ಪು. ಫಿಲ್ಟರಿನಲ್ಲಿ ಜಿಯೊಲೈಟ್ ಕಲ್ಲು ಇದ್ದರೆ ಮೊದಲು ತೆಗೆಯಬೇಕು. ಉಪ್ಪು ತಾಗಿದೊಡನೆ ಅದು ಹೀರಿಟ್ಟ ಅಮೋನಿಯವನ್ನೆಲ್ಲ ಮರಳಿ ನೀರಿಗೆ ಬಿಡುತ್ತದೆ.

ಚಪ್ಪಟೆಹುಳಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಲೀಟರಿಗೆ 2ರಿಂದ 5 ಮಿ.ಗ್ರಾಂ. ಕಿವಿರಿನ ಜಾತಿ ಮೊಟ್ಟೆಯಿಡುವುದರಿಂದ ಮತ್ತೊಮ್ಮೆ ಕೊಡಬೇಕು. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಳೆಯ ಮದ್ದು, ಒಳ್ಳೆಯ ಮದ್ದೂ ಹೌದು. ಆದರೆ ಲೀಟರಿಗೆ 2 ಮಿ.ಗ್ರಾಂ ಎಂಬ ಅಳತೆಯನ್ನು ಚಿಟಿಕೆಯಲ್ಲಿ ಹಾಕಿ ನೀರು ನೇರಳೆಯಾದೊಡನೆ ತೃಪ್ತಿಪಡುವವರು ಕಿವಿರು ಸುಟ್ಟು ಮೀನು ಕಳೆದುಕೊಂಡದ್ದೇ ಹೆಚ್ಚು. ಫಾರ್ಮಲಿನ್ ಜೊತೆ ಅದನ್ನು ಬೆರೆಸಬಾರದು. ಮೆಥಿಲೀನ್ ಬ್ಲೂ ಬೇರೆ ತೊಟ್ಟಿಯಲ್ಲಿ ಮಾತ್ರ, ಏಕೆಂದರೆ ಅದು ಫಿಲ್ಟರಿನ ಬ್ಯಾಕ್ಟೀರಿಯಗಳನ್ನೂ ಮುಗಿಸುತ್ತದೆ. ಹೇನಿಗೆ ಹಿಂದೆ ತೋಟದ ಕೀಟನಾಶಕ ಡೈಕ್ಲೋರ್‌ವಾಸ್ ತೊಟ್ಟಿಕ್ಕಿಸುತ್ತಿದ್ದರು. 2020ರ ಕೊನೆಯಿಂದ ಅದಕ್ಕೆ ದೇಶದಲ್ಲೇ ನಿಷೇಧವಿದೆ. ಒಂದೆರಡು ಹೇನಾದರೆ ಚಿಮುಟವೇ ಸಾಕು, ಹೆಚ್ಚಿದ್ದರೆ ಡೈಫ್ಲುಬೆಂಜುರಾನ್.

ಬ್ಯಾಕ್ಟೀರಿಯದ ರೋಗಗಳಲ್ಲಿ ಇಲ್ಲಿನ ಬಿಸಿನೀರಿಗೆ ಹೇಳಿಮಾಡಿಸಿದ್ದು ಕಾಲಮ್ನಾರಿಸ್. ಬಾಯಿಯ ಸುತ್ತ ಹತ್ತಿ ಮೆತ್ತಿದಂತೆ ಬಿಳಿ, ಬೆನ್ನ ಮೇಲೆ ತಡಿಯಂತೆ ಮಸುಕು ಪಟ್ಟೆ, ತಿಂದುಹೋದ ಕಿವಿರು. ನೋಡಿದವರೆಲ್ಲ ಶಿಲೀಂಧ್ರ ಎನ್ನುತ್ತಾರೆ, ಅಂಗಡಿಯವರು ಶಿಲೀಂಧ್ರದ ಮದ್ದು ಕೊಡುತ್ತಾರೆ. ಶಿಲೀಂಧ್ರವೆಂದು ಕರೆಯುವ, ಉದ್ದನೆಯ ನಯವಾದ ಎಳೆಗಳ ಸಪ್ರೊಲೆಗ್ನಿಯ ತಂಪು ನೀರಿನದು, ಸಾಮಾನ್ಯವಾಗಿ ಹಳೆಯ ಗಾಯದ ಮೇಲೆ ಬೆಳೆಯುವಂಥದ್ದು; 30 ಡಿಗ್ರಿಯ ತೊಟ್ಟಿಯಲ್ಲಿ ಒಂದೆರಡು ದಿನದಲ್ಲಿ ಹಬ್ಬಿ ಕೊಲ್ಲುವ ಬಿಳಿ ಬಹುತೇಕ ಕಾಲಮ್ನಾರಿಸ್. ಇಂಥ ಮೀನಿಗೆ ಹೀಟರ್ ಹಾಕಿದರೆ ಬೆಂಕಿಗೆ ತುಪ್ಪ. ಹುಣ್ಣು, ಕೀವು, ಹುರುಪೆಗಳೆಲ್ಲ ನಿಮಿರಿ ಹೊಟ್ಟೆ ಊದುವ ಜಲೋದರ ಇವುಗಳ ಹಿಂದೆ ಹೆಚ್ಚಾಗಿ ಏರೊಮೊನಾಸ್ ಇರುತ್ತದೆ. ಕೇರಳದ ಹಳಬರಿಗೆ ಹುಣ್ಣು ಎಂದೊಡನೆ 1991ರಲ್ಲಿ ಕುಟ್ಟನಾಡಿನ ಮೀನುಗಳನ್ನು ಕಾಡಿದ ಹುಣ್ಣುರೋಗದ ನೆನಪು. ಆದರೆ ಆ ರೋಗ ತರುವ ಅಫನೊಮೈಸಿಸ್‌ಗೆ ಗೆಂಡೆ ಮೀನು ಸುಲಭವಾಗಿ ಬಗ್ಗದು.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಒಡೆದು ತೊಟ್ಟಿಗೆ ಸುರಿಯುವುದು ಬಹು ಕಂಡುಬರುವ ಉಪಚಾರ, ಬಹು ನಿಷ್ಫಲವಾದದ್ದೂ ಅದೇ. ನೀರು ಹಳದಿಯಾಗುತ್ತದೆ, ಫಿಲ್ಟರು ಕೆಡುತ್ತದೆ, ಮೀನಿನ ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರತಿಜೈವಿಕ ಕೊಡುವುದಾದರೆ ತಿನ್ನುವ ಮೀನಿಗೆ ಆಹಾರದಲ್ಲಿ, ತಿನ್ನದ ದೊಡ್ಡ ಮೀನಿಗೆ ಚುಚ್ಚುಮದ್ದಿನಲ್ಲಿ, ಅದೂ ಯಾವುದಕ್ಕೆ ಬಗ್ಗುತ್ತದೆಂದು ಪ್ರಯೋಗಾಲಯದಲ್ಲಿ ನೋಡಿದ ಮೇಲೆ, ಪಶುವೈದ್ಯರ ಚೀಟಿಯ ಮೇಲೆ.

ವೈರಸ್ ಮತ್ತು ಪ್ರಯೋಗಾಲಯ

ಕೋಯ್ ಹರ್ಪಿಸ್ ವೈರಸ್ 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದಲ್ಲಿ ಗೊತ್ತಾಯಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ. ಅದು ಉಲ್ಬಣಿಸುವುದು 16ರಿಂದ 25 ಡಿಗ್ರಿಯ ನೀರಿನಲ್ಲಿ, ಹಾಗಾಗಿ ಕೊಚ್ಚಿಯ ತೊಟ್ಟಿಗೆ ಅದು ಮೊದಲ ಊಹೆಯಲ್ಲ. ಹೆಚ್ಚು ಪ್ರಸ್ತುತವಾದದ್ದು ಗೆಂಡೆ ಊತದ ವೈರಸ್, ಅಂದರೆ ಕೋಯ್ ನಿದ್ರಾರೋಗ. ಮೀನು ತಳದಲ್ಲಿ ಮಲಗಿರುತ್ತದೆ, ತಟ್ಟಿದರೆ ನಾಲ್ಕು ಮಾರು ಈಜಿ ಮತ್ತೆ ಮಲಗುತ್ತದೆ, ಕಣ್ಣು ಗುಳಿಬಿದ್ದು ಕಿವಿರು ಊದಿರುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಗುರುತಿಸಿದ ಇದು ಭಾರತದ ಕೋಯ್‌ಗಳಲ್ಲೂ ಇದೆಯೆಂದು 2016ರಲ್ಲಿ ವರದಿಯಾಯಿತು. ವೈರಸ್‌ಗೆ ಮದ್ದಿಲ್ಲ, ಲೀಟರಿಗೆ 5 ಗ್ರಾಂ ಉಪ್ಪಿನ ನೀರಿನಲ್ಲಿಟ್ಟರೆ ಮೀನು ತಾಳಿಕೊಳ್ಳುವ ಸಾಧ್ಯತೆ ಹೆಚ್ಚು. ಖಚಿತಪಡಿಸಲು ಕಿವಿರಿನ ಚೂರಿನ ಪಿಸಿಆರ್ ಪರೀಕ್ಷೆಯೇ ಆಗಬೇಕು.

ಈ ವಿಷಯದಲ್ಲಿ ಕಳಮಶ್ಶೇರಿಯವರು ಪುಣ್ಯವಂತರು. ಕುಸಾಟ್‌ನ ರಾಷ್ಟ್ರೀಯ ಜಲಪ್ರಾಣಿ ಆರೋಗ್ಯ ಕೇಂದ್ರ ಕೊಚ್ಚಿ ನಗರದ ಲೇಕ್‌ಸೈಡ್ ಕ್ಯಾಂಪಸ್ಸಿನಲ್ಲಿದೆ, ಮೀನುಗಾರಿಕೆ ವಿಶ್ವವಿದ್ಯಾಲಯ ಪನಂಗಾಡಿನಲ್ಲಿದೆ, ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಒಂದು ಕೇಂದ್ರವೂ ಕೊಚ್ಚಿಯಲ್ಲಿದೆ. ತಿರುವನಂತಪುರದ ಕಡೆಯವರಿಗೆ ಕಾರ್ಯವಟ್ಟಂನಲ್ಲಿ ಕೇರಳ ವಿಶ್ವವಿದ್ಯಾಲಯದ ಜಲಜೀವಶಾಸ್ತ್ರ ಮತ್ತು ಮೀನುಗಾರಿಕೆ ವಿಭಾಗವಿದೆ. ಕರಾವಳಿ ಕನ್ನಡಿಗರಿಗೆ ಹತ್ತಿರದ್ದು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು. ಫೋನು ಮಾಡಿ ವಿಚಾರಿಸಿಕೊಂಡು ಹೋಗುವುದು ಮೇಲು. ಒಯ್ಯಬೇಕಾದದ್ದು ಸತ್ತ ಮೀನಲ್ಲ, ಸಾಯುವಂತಿರುವ ಜೀವಂತ ಮೀನು, ಆಮ್ಲಜನಕ ತುಂಬಿದ ಚೀಲದಲ್ಲಿ. ಈ ಸೆಕೆಯಲ್ಲಿ ಹೆಣ ಕೆಲವೇ ಗಂಟೆಗಳಲ್ಲಿ ಕೊಳೆತು ಕಿವಿರು ನೋಡಲು ಉಳಿಯುವುದಿಲ್ಲ. ಆಗಷ್ಟೇ ಸತ್ತಿದ್ದರೆ ಮಂಜುಗಡ್ಡೆಯ ನಡುವೆ ಇಡಬೇಕು, ಫ್ರೀಜರಿನಲ್ಲಲ್ಲ. ಜೊತೆಗೆ ಬೇರೆ ಸೀಸೆಯಲ್ಲಿ ಕತ್ತಿನ ತನಕ ತುಂಬಿದ ತೊಟ್ಟಿಯ ನೀರು.

ಹೊಸ ಮೀನನ್ನು ಮೂರರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ, ಬೇರೆ ಬಲೆ-ಬಕೆಟ್ಟಿನೊಡನೆ ಇಡುವುದೇ ಇವೆಲ್ಲಕ್ಕೂ ಅಗ್ಗದ ತಡೆ. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಬೇಕು. ಬದುಕಿದ್ದೂ ಸಾಕಲಾಗದ ಕೋಯ್ ಅನ್ನು ಪೆರಿಯಾರಿಗೆ ಬಿಡಬಾರದು: ಅದು ಪರದೇಶಿ ಮೀನು, ಹೊತ್ತೊಯ್ಯುವ ರೋಗವೂ ಅದರದ್ದೇ. 2018ರ ನೆರೆಯಲ್ಲಿ ತೊಟ್ಟಿ-ಕೊಳಗಳಿಂದ ಕೊಚ್ಚಿಹೋದ ಪರದೇಶಿ ಮೀನುಗಳಾದ ಅರಪೈಮ, ಅಲಿಗೇಟರ್ ಗಾರ್‌ಗಳು ಕೇರಳದ ಹೊಳೆಗಳಲ್ಲಿ ಮೀನುಗಾರರ ಬಲೆಗೆ ಬಿದ್ದಿವೆ.