ಅರಸನ ಮಡದಿ, ಅರಸಿಯಲ್ಲ

ಅಳಿಯಸಂತಾನದ ಕಟ್ಟು ನಡೆದುಬಂದ ತುಳುನಾಡಿನ ಅರಸುಮನೆಗಳಲ್ಲಿ ಅರಸನ ಕೈಹಿಡಿದವಳು ಆ ಮನೆತನದ ಅರಸಿಯಾಗುತ್ತಿರಲಿಲ್ಲ. ಆ ಗೌರವ ಅರಸನ ತಾಯಿಗೆ ಅಥವಾ ಅಕ್ಕತಂಗಿಯರಿಗೆ ಸಲ್ಲುತ್ತಿತ್ತು, ಪಟ್ಟವೇರುವವನು ಸೋದರಳಿಯ. ಮಡದಿ ಇನ್ನೊಂದು ಅರಸುಮನೆಯವಳಾಗಿದ್ದರೆ ಅವಳ ಮಕ್ಕಳಿಗೆ ತಾಯಿಮನೆಯ ಹಕ್ಕಾದರೂ ಉಳಿಯುತ್ತಿತ್ತು. ಸಾಮಾನ್ಯ ಒಕ್ಕಲುಮನೆಯಿಂದ ಬಂದವಳಾಗಿದ್ದರೆ ಮಕ್ಕಳು ತಾಯಿಯ ಕುಟುಂಬಕ್ಕೆ, ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ಸೇರಿದವರು. ಅರಸನ ರಕ್ತ ಅವರಲ್ಲಿ ಹರಿದರೂ ಅರಸುತನ ಅವರದಲ್ಲ.

ಯುರೋಪಿನ ಅರಸುಮನೆಗಳಲ್ಲಿಯೂ ಇಂಥ ಮದುವೆಗಳಿದ್ದವು. 1850ರಲ್ಲಿ ಡೆನ್ಮಾರ್ಕಿನ ದೊರೆ ಏಳನೆಯ ಫ್ರೆಡರಿಕ್ ನರ್ತಕಿಯಾಗಿದ್ದ ಲೂಯಿಸ್ ರಾಸ್ಮುಸ್ಸೆನ್‌ಳನ್ನು ಮದುವೆಯಾದಾಗ ಅವಳಿಗೆ ಕೌಂಟೆಸ್ ಡ್ಯಾನರ್ ಎಂಬ ಬಿರುದು ಸಿಕ್ಕಿತು, ರಾಣಿಪಟ್ಟ ಸಿಗಲಿಲ್ಲ. ಅಲ್ಲಿ ಹೆಣ್ಣಿನ ಹುಟ್ಟು ಅಡ್ಡಬಂದಿತು. ತುಳುನಾಡಿನಲ್ಲಿ ಹುಟ್ಟು ಎಷ್ಟೇ ದೊಡ್ಡದಾಗಿದ್ದರೂ ಮಡದಿಯ ಸ್ಥಾನ ಬದಲಾಗುತ್ತಿರಲಿಲ್ಲ.

ಈ ಕಟ್ಟಿಗೆ ಕಾರಣ ಹೇಳುವ ಐತಿಹ್ಯ ಬಾರಕೂರಿನದು. ದೇವಪಾಂಡ್ಯನೆಂಬ ಅರಸ ಹಡಗುಗಳನ್ನು ಕಟ್ಟಿಸಿ ನೀರಿಗಿಳಿಸುವಾಗ ಕುಂಡೋದರನೆಂಬ ಭೂತ ನರಬಲಿ ಕೇಳಿತು. ಅರಸನ ಮಡದಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳ ಪಾಂಡ್ಯನಾದ. ಅಂದಿನಿಂದ ಆಸ್ತಿಯೂ ಪಟ್ಟವೂ ಅಳಿಯನಿಗೆ ಎಂದಾಯಿತು. ಕಥೆಯಲ್ಲಿ ಆ ಮಡದಿಗೆ ಹೆಸರಿಲ್ಲ. ಹೆತ್ತ ಮಕ್ಕಳನ್ನು ಬಲಿಗೆ ಕೊಡಲಾರೆನೆಂದದ್ದಷ್ಟೇ ಅವಳ ತಪ್ಪು. ಆ ತಪ್ಪಿಗೆ ತಲೆಮಾರುಗಳ ಮಡದಿಯರೂ ಮಕ್ಕಳೂ ದಂಡ ತೆರಬೇಕಾಯಿತು ಎಂಬುದು ಕಥೆಯ ನ್ಯಾಯ.

ಶಾಸನಗಳು ಹೇಳುವುದು ಬೇರೆ. ಸುಮಾರು 1275ರ ಬಳಿಕ ಅದೇ ಬಾರಕೂರಿನಿಂದ ಆಳಿದವಳು ಬಲ್ಲಮಹಾದೇವಿ, ಆಳುಪ ಅರಸ ವೀರಪಾಂಡ್ಯನ ಮಡದಿ. ಗಂಡಸು ಅರಸರ ಬಿರುದುಗಳನ್ನೇ ಹೊತ್ತು ಹಲವು ವರ್ಷ ರಾಜ್ಯ ನಡೆಸಿದಳು. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ತನ್ನನ್ನು ಭೈರವೇಂದ್ರನ ಮಗನೆಂದು ಹೇಳಿಕೊಳ್ಳುತ್ತಾನೆ. 1586ಕ್ಕೆ ಬಂದರೆ ಚಿತ್ರವೇ ಬೇರೆ. ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನನ್ನು ಅಲ್ಲಿಯ ಶಾಸನ ಹಿಂದಿನ ಭೈರವನ ಸೋದರಳಿಯ, ಗುಮ್ಮಟಾಂಬೆಯ ಮಗ ಎಂದು ಕರೆಯುತ್ತದೆ. ತಂದೆ ವೀರನರಸಿಂಹ ಬಂಗ ಅರಸುಮನೆಯವನು. ಅವನ ಹೆಸರೂ ಅಲ್ಲಿದೆ, ಆದರೆ ಪಟ್ಟ ಬಂದದ್ದು ತಾಯಿಯ ದಾರಿಯಿಂದ. ಹಾಗಾದರೆ ಅರಸನ ಮಡದಿ ಹಿಂದೆ ಸರಿದದ್ದು ಅನಾದಿಕಾಲದಲ್ಲಲ್ಲ, ಈ ಶತಮಾನಗಳ ನಡುವೆ ಎಂದು ತಿಳಿಯುವುದೇ ಸರಿ.

ಹಿಂದೆ ಸರಿದರೂ ಅವಳು ಅಳಿಸಿಹೋಗಲಿಲ್ಲ. ಕಾರ್ಕಳಕ್ಕೆ ಹತ್ತಿರದ ವೇಣೂರಿನಲ್ಲಿ 1604ರಲ್ಲಿ ತಿಮ್ಮ ಅಜಿಲ ಬಾಹುಬಲಿಯನ್ನು ನಿಲ್ಲಿಸಿದಾಗ ಅವನ ಮಡದಿಯರು ಅಲ್ಲಿಯೇ ಬಸದಿಗಳನ್ನು ಕಟ್ಟಿಸಿದರು. ಅಕ್ಕಂಗಳ ಬಸದಿ, ಬಿನ್ನಾಣಿ ಬಸದಿ ಎಂಬ ಹೆಸರಿನಲ್ಲಿ ಅವು ಇಂದಿಗೂ ನಿಂತಿವೆ. ಪಟ್ಟದ ಹಕ್ಕಿಲ್ಲದಿದ್ದರೂ ದಾನ ಕೊಡುವ, ಕಲ್ಲಿನಲ್ಲಿ ಹೆಸರು ಉಳಿಸುವ ಅನುಕೂಲ ಅವರಿಗಿತ್ತು.

ಗಂಡ ಹೆಂಡತಿ ಇಬ್ಬರೂ ಆಳುವವರಾದರೆ ಸಂಸಾರ ಹೇಗೆ ನಡೆಯುತ್ತಿತ್ತು ಎಂಬುದನ್ನು 1623ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಬರೆದಿಟ್ಟಿದ್ದಾನೆ. ಉಳ್ಳಾಲದ ರಾಣಿಯೂ ಅವಳ ಗಂಡನಾಗಿದ್ದ ಬಂಗ ಅರಸನೂ ತಮ್ಮ ತಮ್ಮ ರಾಜ್ಯದಲ್ಲೇ ಇದ್ದು, ಗಡಿಯಲ್ಲಿ ಡೇರೆ ಹಾಕಿಸಿ ಕೂಡುತ್ತಿದ್ದರಂತೆ. ಒಕ್ಕಲುಮನೆಯ ಮಡದಿಗೆ ಇಂಥ ಸಮಾನತೆ ಎಲ್ಲಿಂದ ಬರಬೇಕು? ಆದರೂ ಅವಳ ಬೇರು ತಾಯಿಮನೆಯಲ್ಲಿಯೇ ಇದ್ದುದರಿಂದ ಗಂಡ ಸತ್ತರೂ ಬಿಟ್ಟರೂ ಅವಳು ನಿರ್ಗತಿಕಳಾಗುತ್ತಿರಲಿಲ್ಲ. ಇದೇ ಕಟ್ಟಿನ ಬಂಟ ಸಮುದಾಯದಲ್ಲಿ ಕನ್ಯೆಯ ಮದುವೆ ಕೈಧಾರೆಯಾದರೆ, ವಿಧವೆಯ ಮರುಮದುವೆಗೆ ಬುಡುಧಾರೆ ಎಂಬ ಬೇರೆ ಕ್ರಮವೇ ಇತ್ತು.

ಅರಸುಮನೆಗಳ ಬಲ ಕೆಳದಿ ನಾಯಕರ ಕಾಲದಲ್ಲಿ ಕುಗ್ಗಿತು, 1799ರಲ್ಲಿ ನಾಡು ಬ್ರಿಟಿಷರ ಕೈಸೇರಿತು. ಕಟ್ಟು ಮಾತ್ರ ನ್ಯಾಯಾಲಯದ ಮೆಟ್ಟಿಲೇರಿ ಇನ್ನಷ್ಟು ಬಿಗಿಯಾಯಿತು. ಭೂತಾಳ ಪಾಂಡ್ಯನ ಹೆಸರಿನ ಕಟ್ಟುಕಟ್ಟಳೆಯ ಗ್ರಂಥವನ್ನು ವಾದಗಳಲ್ಲಿ ಪ್ರಮಾಣವಾಗಿ ಮುಂದಿಡಲಾಯಿತು. ನ್ಯಾಯಾಧೀಶನೂ ವಿದ್ವಾಂಸನೂ ಆಗಿದ್ದ ಎ. ಸಿ. ಬರ್ನೆಲ್ ಅದು ಈಚಿನ ಕೃತಕ ರಚನೆ ಎಂದ. ಅಳಿಯಸಂತಾನದ ದಾಂಪತ್ಯ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲ ಎಂದು 1883ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಧಾರೆ ಎರೆಸಿಕೊಂಡು ಬಂದ ಹೆಣ್ಣುಗಳಿಗೆ ಇದಕ್ಕಿಂತ ಕಠಿಣವಾದ ಮಾತು ಇರಲಾರದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮದುವೆಗೆ ಮಾನ್ಯತೆ ಕೊಟ್ಟು, ಮಡದಿ ಮಕ್ಕಳ ಜೀವನಾಂಶದ ಹಕ್ಕನ್ನು ಒಪ್ಪಿ, ಕುಟುಂಬದ ಆಸ್ತಿಯನ್ನು ಕವರುಗಳು, ಎಂದರೆ ತಾಯಿಯ ದಾರಿಯ ಕವಲುಗಳು, ಪಾಲು ಮಾಡಿಕೊಳ್ಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಆಸ್ತಿ ಅಳಿಯಸಂತಾನದ ಕ್ರಮದಲ್ಲಿ ಇಳಿದುಬರುವುದು ನಿಂತಿತು.