ನೆಲದ ಅಡಿಯ ಮಣ್ಣು ಗುದ್ದಿದವರು ಯಾರು?



ನಮ್ಮ ಊರಿನ ಹೆಸರೇ ಕೆಮ್ಮಣ್ಣು. ಕರಾವಳಿಯ ಹಳೆ ಮನೆಗಳ ಫೋಟೋ ಹಾಕುವವರು ಈಗ ತುಂಬಾ ಜನ. ಕಾವಿ ನೆಲದ ಹೊಳಪು, ಮಂಗಳೂರು ಹೆಂಚು, ಎಲ್ಲ ಬರೆಯುತ್ತಾರೆ. ಆ ಹೊಳಪಿನ ಅಡಿಗೆ ಏನುಂಟು, ಅದನ್ನು ಯಾರು ಹಾಕಿದ್ದು ಅಂತ ಮಾತ್ರ ಬರೆಯಲ್ಲ.

ಕೆಲಸ ಹೇಗೆ ಅಂದರೆ, ಪಂಚಾಂಗದ ಒಳಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ತುಂಬಿಸಬೇಕು. ಒಂದೇ ಸಲ ಸುರಿದರೆ ಆಗುವುದಿಲ್ಲ. ಅರ್ಧ ಅಡಿ ಹಾಕಿ, ನೀರು ಬಿಟ್ಟು, ದಿಮ್ಮಸಿನಿಂದ ಗುದ್ದಿ, ಮತ್ತೆ ಅರ್ಧ ಅಡಿ. ಬೇರು, ಸಿಪ್ಪೆ, ಮರದ ಚೂರು ಒಳಗೆ ಉಳಿದರೆ ಗೆದ್ದಲು ಹಿಡಿಯುತ್ತದೆ, ಕೊಳೆತ ಜಾಗ ಕುಸಿಯುತ್ತದೆ. ಅದರ ಮೇಲೆ ಕೆಂಪುಕಲ್ಲಿನ ಚೂರು, ಆಮೇಲೆ ಸುಣ್ಣದ ಗಾರೆ. ಸುಣ್ಣವೂ ಹೊಳೆಯ ಚಿಪ್ಪು ಸುಟ್ಟು ಮಾಡಿದ್ದು. ಕಾವಿ ಎಲ್ಲಕ್ಕಿಂತ ಮೇಲೆ, ಬೆರಳಿನಷ್ಟೂ ದಪ್ಪ ಇಲ್ಲ! ಮಣ್ಣು ಹೊತ್ತು ಗುದ್ದಿದವರಲ್ಲಿ ಮೂಲದ ಆಳುಗಳಾಗಿದ್ದ ನಮ್ಮ ಹಿರಿಯರಿದ್ದರು. ನೆಲ ಮುಗಿದ ದಿನದಿಂದ ಅವರಿಗೆ ಅಂಗಳದ ಆಚೆ ಜಾಗ. ತಾವೇ ಗುದ್ದಿದ ನೆಲದ ಮೇಲೆ ಕಾಲಿಡುವ ಹಾಗಿಲ್ಲ.

1801ರಲ್ಲಿ ಈ ಕಡೆ ಹಾದುಹೋದ ಫ್ರಾನ್ಸಿಸ್ ಬುಕಾನನ್, ತುಳುನಾಡಿನಲ್ಲಿ ಆಳುಗಳನ್ನು ಕೊಳ್ಳುವ, ಮಾರುವ ಪದ್ಧತಿ ಇದ್ದದ್ದನ್ನು ಬರೆದಿಟ್ಟಿದ್ದಾನೆ. 1843ರ ಕಾನೂನು ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆಯಿತು. ಸರಿ, ಆದರೆ ಗುಡಿಸಲು ನಿಂತ ಜಾಗ ಯಾರದ್ದು? ಧಣಿಯದ್ದೇ. "ಏಳು" ಅಂದರೆ ಏಳಬೇಕು. ನಾಳೆ ಬಿಡಬೇಕಾದ ಜಾಗಕ್ಕೆ ಯಾರಾದರೂ ಎರಡಡಿ ಪಂಚಾಂಗ ಎತ್ತಿ, ಗಾರೆ ಹಾಕುತ್ತಾರಾ? ಮಣ್ಣು ಬಡಿದು, ಸೆಗಣಿಗೆ ಗೆರಟೆಯ ಮಸಿ ಬೆರೆಸಿ ಸಾರಿಸಿ ಇದ್ದರು. "ಅವರಿಗೆ ಮನೆ ಕಟ್ಟಿ ಗೊತ್ತಿಲ್ಲ" ಅಂತ ಮಾತಾಡಿದವರ ಮನೆಯ ನೆಲವೇ ನಮ್ಮವರು ಗುದ್ದಿದ್ದು, ಮಾರಾಯ್ರೆ.

ಹೆಂಚಿನ ಕಥೆಯಲ್ಲೂ ಇದೇ ಉಂಟು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ, ಮುಂದೆ ನಮ್ಮ ಮಲ್ಪೆಗೂ ಬಂತು. ಮತಾಂತರವಾದವರು ಜಾತಿಯ ಜೊತೆಗೆ ಮನೆ, ಕೆಲಸ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಬೇಕಿತ್ತು. ಅವರಲ್ಲಿ ಹೆಚ್ಚಿನವರು ಬಿಲ್ಲವರು, ನಮ್ಮವರು ಕಡಿಮೆ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಶಾಲೆಯಲ್ಲೇ ನಿಲ್ಲಲಿಲ್ಲ, ಮನೆ ಕಟ್ಟಲು ಜಾಗವನ್ನೂ ಕೊಡಿಸಿದರು. ಅವರ ಹೆಸರು ಹೇಳುವಾಗ ಶಾಲೆ ನೆನಪಾಗುತ್ತದೆ, ಜಾಗ ನೆನಪಾಗುವುದಿಲ್ಲ.

1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ದೊಡ್ಡ ಕೆಲಸವೇ. ಆದರೆ ಗೇಣಿ ಚೀಟಿ ಇದ್ದದ್ದು ಯಾರ ಹತ್ತಿರ? ನಮ್ಮವರು ಗೇಣಿದಾರರಲ್ಲ, ಕೂಲಿಯವರು. ನಮ್ಮ ಪಾಲಿಗೆ ಬಂದದ್ದು ಹೆಚ್ಚೆಂದರೆ 38ನೇ ಕಲಂ, ಅಂದರೆ ಕೃಷಿ ಕೂಲಿಕಾರರು ವಾಸವಿರುವ ಮನೆಯ ಅಡಿಯ ಜಾಗ. ಗದ್ದೆ ಅಲ್ಲ, ಬರೀ ಮನೆಯಡಿ. ಆದರೂ ಅದರ ಬೆಲೆ ದೊಡ್ಡದು. ಆಫೀಸಲ್ಲಿ ದಿನಾ ಫೈಲು ತಿರುಗಿಸುವ ನನಗೆ ಕಂಡದ್ದು ಹೇಳುತ್ತೇನೆ. ನಿಮ್ಮ ಕಾಲನಿಯಲ್ಲಿ ಹಕ್ಕುಪತ್ರ ಬಂದ ವರ್ಷ ಕೇಳಿ, ಸೆಗಣಿ ನೆಲ ಹೋಗಿ ಸಿಮೆಂಟು ಬಂದ ವರ್ಷವನ್ನೂ ಕೇಳಿ. ಎರಡೂ ಹತ್ತಿರ ಹತ್ತಿರ ಇರುತ್ತದೆ.

ಈಗ ಟೈಲ್ಸಿನ ಕಾಲ. ಸರಕಾರಿ ಯೋಜನೆಯ ಮನೆ, ಕಂತಿನ ಹಣ, ಗುತ್ತಿಗೆಯವನಿಗೆ ಅವಸರ. ನಮ್ಮ ಕಡೆಯ ಒಂದು ಮನೆಯಲ್ಲಿ ಲೋಡುಗಟ್ಟಲೆ ಮಣ್ಣು ಒಂದೇ ದಿನ ಸುರಿದು, ಮೇಲೆ ತೆಳ್ಳಗೆ ಕಾಂಕ್ರೀಟ್ ಎಳೆದು ಟೈಲ್ಸ್ ಹಾಕಿದ್ದರು. ಎರಡನೇ ಮಳೆಗಾಲಕ್ಕೆ ಅಡುಗೆಕೋಣೆ ಕುಳಿತಿತು. ತಟ್ಟಿದರೆ ಡಬಡಬ ಸದ್ದು. ಆ ಮನೆಯ ಅಜ್ಜ ಜೀವನಪೂರ್ತಿ ಬೇರೆಯವರ ನೆಲ ಗುದ್ದಿದವರು! ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಂಜಿನಿಯರಿಗೆ ಗೊತ್ತು ಅಂತ ಸುಮ್ಮನಾದರು.

ಹಾಗಾಗಿ ಮನೆ ಕಟ್ಟಿಸುವವರು ನೆಲದ ದಿನ ಕೂಲಿಗೆ ರಜೆ ಹಾಕಿಯಾದರೂ ಹತ್ತಿರ ನಿಲ್ಲಿ. ಪದರ ಪದರವಾಗಿ ಗುದ್ದಿಸಿ, ನೀರು ಬಿಡಿಸಿ. ಆಗುವುದಾದರೆ ತುಂಬಿಸಿದ ಮಣ್ಣು ಒಂದು ಮಳೆಗಾಲ ಕುಳಿತುಕೊಳ್ಳಲಿ. ಹೊಳೆಬದಿ, ಕುದ್ರು ಕಡೆಯವರು ಉಪ್ಪುನೀರಿನ ಮರಳು ಬೇಡ ಅಂತ ಮೊದಲೇ ಹೇಳಿ, ಪಂಚಾಂಗ ಎತ್ತರ ಇಡಿಸಿ. ಟೈಲ್ಸಿನ ಬಣ್ಣ ಆಮೇಲೆ ನೋಡುವ.

ಜೈ ಭೀಮ್.