ಒಂದು ಮಡ್‌ಗಾರ್ಡಿನ ಆಯ್ಕೆ: ಹಿಂದೂಪುರದ ಅಂಬಾಸಿಡರ್, ಕಲ್ಯಾಣದುರ್ಗದ ಗುಜರಿ

ಪರದೆ ಮೇಲಿರೋದು ಹಿಂದೂಪುರದ ನಮ್ಮ ತಾತನ ಅಂಬಾಸಿಡರಿನ ಎಡಗಡೆ ಮಡ್‌ಗಾರ್ಡ್. ಕೆಳಗಿನ ಅಂಚು ಪೂರ್ತಿ ತುಕ್ಕು. ಕಲ್ಯಾಣದುರ್ಗದ ಗುಜರಿಯಲ್ಲಿ ಬದಲಿ ಒಂದು ಸಿಕ್ಕಿತು, ಥಳಥಳ ಹೊಳೀತಿತ್ತು. ಅಯಸ್ಕಾಂತ ಹಿಡಿದರೆ ಅಲ್ಲಲ್ಲಿ ಅಂಟಲೇ ಇಲ್ಲ: ಬಣ್ಣದಡಿ ದಪ್ಪ ಪುಟ್ಟಿ!

ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಬಂದ ಈ ಕಾರು ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ದೂರದಿಂದ ಎಲ್ಲವೂ ಒಂದೇ ಥರ. ಆದರೆ ಮಾರ್ಕ್ ಬದಲಾದಂತೆ ಗ್ರಿಲ್ಲು, ದೀಪ ಬದಲಾದವು. ಹಾಗಾಗಿ ಬಣ್ಣಕ್ಕೆ ಮೊದಲು ಬೋಲ್ಟು ಸಡಿಲವಾಗಿ ಹಾಕಿ, ಬಾನೆಟ್ ಮುಚ್ಚಿ, ಡೋರಿನ ಸಂದು ಸಮ ಇದೆಯಾ ನೋಡಲೇಬೇಕು. ಗುಜರಿಯದು ಅಲ್ಲೂ ಕೂರಲಿಲ್ಲ.

ಈಗ ಹಳೆಯದರ ಒಳಮೈ ನೋಡಿ. ಸಾಲಾಗಿ ಸುತ್ತಿಗೆ ಏಟು. ಲೈಸೆನ್ಸ್ ಕಾಲದಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ನೆಗ್ಗಿದ್ದನ್ನೇ ಬಡಿದು ಸರಿಮಾಡೋರು. ಟಿಂಕರಿಂಗ್ ಶೆಡ್ಡುಗಳು ಲೆಕ್ಕದ ಪುಸ್ತಕ ಉಳಿಸಿಲ್ಲ, ಚರಿತ್ರೆಕಾರರಿಗೆ ಉಳಿದಿರೋದು ಈ ತಗಡೇ. ನಮ್ಮ ಟಿಂಕರ್ ಅಣ್ಣ ಅದರ ಮೇಲೆ ಬೆರಳಾಡಿಸಿ, “ಇದು ನಮ್ಮಪ್ಪನ ಕೈ ಸಾರ್” ಅಂದರು. ನನ್ನ ತೀರ್ಮಾನ ಅಲ್ಲೇ ಆಯಿತು. ಕೆಳಗಿನ ನಾಲ್ಕಿಂಚು ಮಾತ್ರ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಒಳಗಿನ ಏಟುಗಳನ್ನ ಉಜ್ಜಿಸಲಿಲ್ಲ.